ಕಿತ್ತ ಗುಂಡಿ

ಟೇಲರಕ್ಕನ ತಮ್ಮ ಅಂಗಡಿಯ ಹಿತ್ತಲಿನ ಪಾಯಿಖಾನೆಗೆ ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿದ. ಸಾವಿಗೆ ಬಂದವರೆಲ್ಲ ಗಲೀಜು ಮಾಡಿದರೆ ತೊಳೆಯುವವರು ಯಾರು, ಸಂಜೆಯೇ ಅಂಗಡಿಯನ್ನು ಮಾಲೀಕನಿಗೆ ಬಿಟ್ಟುಕೊಡಬೇಕು ಎಂದು ಗೊಣಗಿದ.

ಮುಂದಿನ ಕೋಣೆಯಲ್ಲಿ ಟೇಲರಕ್ಕನನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಮಲಗಿಸಿದ್ದರು. ಮೂವತ್ತು ವರ್ಷ ಎದುರಿನ ಶಾಲೆಯ ಮಕ್ಕಳಿಗೆ ಯೂನಿಫಾರ್ಮ್ ಹೊಲಿದ ಮೇಜು ಅದು. ಹುಟ್ಟಿದಾಗ ಗಂಡೆಂದು ಬರೆಸಿದ್ದರು, ಅವಳು ಒಪ್ಪಿರಲಿಲ್ಲ. ಜೀವ ಇರುವ ತನಕ ‘ಅವನು’ ಎಂದವರೂ ಇವತ್ತು ‘ಅವರು’ ಎನ್ನುತ್ತಿದ್ದರು. ಸತ್ತವರಿಗೆ ಬಹುವಚನ ಪುಕ್ಕಟೆ.

“ಅವರಿಗೆ ಕಿಡ್ನಿ ಹೋಗಿತ್ತಂತೆ,” ಎಂದರು ಹೂವಿಡಲು ಬಂದ ಹೆಡ್‌ಮಾಸ್ಟರು.

“ನೀರು ಕುಡೀರಿ ಅಂತ ಡಾಕ್ಟ್ರು ಬಾಯಿ ಬಡ್ಕೊಂಡ್ರು,” ಎಂದಳು ಪಕ್ಕದ ಇಸ್ತ್ರಿ ಗಾಡಿಯವಳು. “ಗಂಟಲಲ್ಲಿ ಇಳೀತಿರ್ಲಿಲ್ಲ ಸಾರ್. ನಿಮ್ಮ ಸ್ಕೂಲಲ್ಲೇ ಕಲ್ತಿದ್ದು.”

*

ಅದು ನಿಜ. ಆ ಶಾಲೆಯಲ್ಲಿ ಓದುವಾಗ ಟೇಲರಕ್ಕ ಹುಡುಗರ ಪಾಯಿಖಾನೆಗೆ ಹೋದರೆ ಹೊರಗಿನಿಂದ ಚಿಲಕ ಹಾಕುತ್ತಿದ್ದರು, ಹುಡುಗಿಯರದಕ್ಕೆ ಹೋದರೆ ಟೀಚರು ಕಿವಿ ಹಿಂಡಿ ಎಳೆದು ತರುತ್ತಿದ್ದರು. ಬೆಳಗಿನಿಂದ ನೀರೇ ಕುಡಿಯದಿದ್ದರೆ ಎಲ್ಲಿಗೂ ಹೋಗಬೇಕಿಲ್ಲ ಎಂಬ ಉಪಾಯವನ್ನು ಅವಳೇ ಕಂಡುಕೊಂಡಳು. ಎಂಟನೇ ಕ್ಲಾಸಿನಲ್ಲಿ ಒಂದು ದಿನ ಆ ಉಪಾಯ ಕೈಕೊಟ್ಟಿತು. ಬೆಂಚಿನಿಂದ ತೊಟ್ಟಿಕ್ಕುವುದನ್ನು ಕಂಡು ತರಗತಿಯೇ ನಕ್ಕಿತು, ಟೀಚರೂ ನಕ್ಕರು. ಮಾರನೆಯ ದಿನದಿಂದ ಅವಳು ಶಾಲೆ ಬಿಟ್ಟಳು. ನೀರು ಬಿಟ್ಟದ್ದು ಮಾತ್ರ ಹಾಗೇ ಉಳಿಯಿತು.

*

ಕಳೆದ ವರ್ಷ ಬಿಡುವಿನ ಹೊತ್ತಿನಲ್ಲಿ ಒಂದು ಮಗು ಕಿತ್ತ ಗುಂಡಿ ಹಿಡಿದು ಅಂಗಡಿಗೆ ಓಡಿಬಂತು. ಹಾಜರಿ ಪುಸ್ತಕದಲ್ಲಿ ಹುಡುಗ, ಮನಸ್ಸಿನಲ್ಲಿ ಹುಡುಗಿ. ಕಾಲು ಒತ್ತಿಕೊಂಡು ನಿಂತ ರೀತಿಯಲ್ಲೇ ಟೇಲರಕ್ಕನಿಗೆ ಎಲ್ಲ ತಿಳಿಯಿತು.

“ಹಿಂದಿದೆ, ಹೋಗಿ ಬಾರೇ. ಗುಂಡಿ ಆಮೇಲೆ ನೋಡೋಣ.”

ಆ ಮಗುವನ್ನು ಅಲ್ಲಿಯ ತನಕ ಯಾರೂ ‘ಬಾರೇ’ ಎಂದಿರಲಿಲ್ಲ.

ಗೇಟಿನ ವಾಚ್‌ಮನ್ ಸುಮ್ಮನೆ ಹೊರಗೆ ಬಿಡುವ ಆಸಾಮಿಯಲ್ಲ, ಗುಂಡಿ ಕಿತ್ತಿದ್ದರೆ ಬಿಡುತ್ತಿದ್ದ. ಹಾಗಾಗಿ ಮಗು ದಿನವೂ ಒಂದು ಗುಂಡಿ ಕಿತ್ತುಕೊಂಡು ಬರತೊಡಗಿತು. ಟೇಲರಕ್ಕ ಮಗುವಿಗೆ ‘ಗುಂಡಿ’ ಎಂದೇ ಹೆಸರಿಟ್ಟಳು, ನಾಳೆ ಕೀಳಲು ಸುಲಭವಾಗಲೆಂದು ಸಡಿಲವಾಗಿಯೇ ಹೊಲಿದು ಕಳಿಸಿದಳು. ಹೋಗುವ ಮೊದಲು ಮಡಕೆಯಿಂದ ಎರಡು ಲೋಟ ನೀರು ಕುಡಿಯಲೇಬೇಕಿತ್ತು. ನೀನು ಕುಡಿಯಲ್ವಲ್ಲ ಎಂದರೆ, ನಂದು ಮುಗಿದ ಕತೆ ಬಿಡು ಎಂದು ನಗುತ್ತಿದ್ದಳು.

*

ಈಗ ಬಿಡುವಿನಲ್ಲಿ ಓಡಿಬಂದ ಗುಂಡಿ ಹಿತ್ತಲ ಬಾಗಿಲಲ್ಲಿ ಬೀಗ ನೋಡುತ್ತ ನಿಂತಿದ್ದಳು.

“ಈ ಮಗು ಇನ್ಮೇಲೆ ಎಲ್ಲಿಗೆ ಹೋಗ್ಬೇಕು ಸಾರ್?” ಎಂದಳು ಇಸ್ತ್ರಿಯವಳು.

ಅಂಥ ಮಕ್ಕಳಿಗೆಂದೇ ಬೇರೆ ಪಾಯಿಖಾನೆ ಕಟ್ಟಿಸಿದ್ದೇವೆ ಎಂದರು ಹೆಡ್‌ಮಾಸ್ಟರು. ಕಟ್ಟಿಸಿ ಎರಡು ವರ್ಷವಾಗಿತ್ತು. ಉದ್ಘಾಟನೆ ಆಗಿರಲಿಲ್ಲ, ಸದ್ಯಕ್ಕೆ ಮುರಿದ ಬೆಂಚು ತುಂಬಿದ್ದರು.

“ಮೇಲಿಂದ ಆರ್ಡರ್ ಬರ್ಲಿ, ನೋಡೋಣ,” ಎಂದು ವಾಚು ನೋಡಿಕೊಂಡರು.

ಇಸ್ತ್ರಿಯವಳಿಗೆ ಮೈ ಉರಿಯಿತು. ಅವಳಿಗೂ ಇದ್ದದ್ದು ಆ ಹಿತ್ತಲೊಂದೇ. ಟೇಲರಕ್ಕನ ತಮ್ಮನ ಹತ್ತಿರ ಕೀ ಕೇಳಿದಳು, ಅವನು ಕೊಡಲಿಲ್ಲ.

ಹೆಣ ಎತ್ತಿದರು. ಅಂಗಡಿ ಖಾಲಿಯಾಯಿತು. ಅತ್ತು ಅತ್ತು ಗುಂಡಿಯ ತುಟಿ ಒಣಗಿತ್ತು. ಇಸ್ತ್ರಿಯವಳು ಮಡಕೆಯಿಂದ ಲೋಟ ತುಂಬಿ ಕೊಟ್ಟಳು. ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು.

“ಬೇಡ ಆಂಟಿ. ಇನ್ನೂ ನಾಲ್ಕು ಪೀರಿಯಡ್ ಇದೆ.”

ಲೋಟದ ನೀರನ್ನು ಮಡಕೆಗೆ ವಾಪಸು ಸುರಿದಳು. ಮುಷ್ಟಿಯಲ್ಲಿದ್ದ ಇವತ್ತಿನ ಗುಂಡಿಯನ್ನು ಖಾಲಿ ಮೇಜಿನ ಮೇಲಿಟ್ಟು, ತೆರೆದ ಅಂಗಿಯನ್ನು ಕೈಯಲ್ಲೇ ಬಿಗಿಯಾಗಿ ಹಿಡಿದುಕೊಂಡು ಗೇಟಿನ ಕಡೆ ನಡೆದಳು.