ಯಂತ್ರಕ್ಕೆ ನೀರು

"ಏ ಮುದುಕಿ, ಕಣ್ಣು ಕಿತ್ತೋಗಿದ್ಯಾ? ಮಿಷನ್ ಕೆಳಗೆ ಪೊರಕೆ ಆಡಿಸ್ಬೇಡ ಅಂತ ಎಷ್ಟು ಸಲ ಬೊಗಳ್ಬೇಕು ನಿಂಗೆ?"

ಮೇಸ್ತ್ರಿ ಕೂಗಿದ. ದೊಡ್ಡಕ್ಕ ಪೊರಕೆ ಎತ್ತಿಕೊಂಡು ಆಚೆ ಸರಿದಳು. ಇಪ್ಪತ್ತು ವರ್ಷ ಬೀದಿ ಗುಡಿಸಿದವಳ ಕಿವಿ ಬೈಗುಳಕ್ಕೆ ಜಡ್ಡುಗಟ್ಟಿತ್ತು.

ಯಂತ್ರ ಇರುವುದು ನಗರಸಭೆ ಕಚೇರಿಯ ಗೇಟಿನ ಪಕ್ಕ. ಕಣ್ಣಿಗೆ ಕಾಣದ ಸಣ್ಣ ಧೂಳನ್ನು ಗಾಳಿಯಿಂದ ಎಳೆದುಕೊಂಡು ಅಳೆಯುತ್ತದೆ, ಆ ಅಳತೆಯ ಅಂಕಿ ಅದರ ಮೇಲಿನ ಬೋರ್ಡಿನಲ್ಲಿ ಕಾಣುತ್ತದೆ. ಅಂಕಿ ಮುನ್ನೂರು ದಾಟಿದ ದಿನ ಬೀದಿಯಲ್ಲಿ ದುಡಿಯುವವರನ್ನು ಕೂಲಿ ಸಮೇತ ಮನೆಗೆ ಕಳಿಸಬೇಕೆಂದು ಹೋದ ವರ್ಷ ಆದೇಶವಾಯಿತು. ಅಲ್ಲಿಂದ ಇಲ್ಲಿಯವರೆಗೆ ಒಂದು ದಿನವೂ ದಾಟಿಲ್ಲ. ದಾಟುವುದಾದರೂ ಹೇಗೆ? ಬೆಳಗಾದರೆ ಸಾಕು, ಟ್ಯಾಂಕರು ಬಂದು ಯಂತ್ರದ ಸುತ್ತಲಿನ ನೆಲ, ಗಿಡ, ಗೋಡೆಗೆಲ್ಲ ಕೂಸಿಗೆ ಎರೆದ ಹಾಗೆ ಎರೆದು ಹೋಗುತ್ತದೆ. ಗೇಟಿನಾಚೆಯ ರಸ್ತೆಗೆ ತೊಟ್ಟು ನೀರಿಲ್ಲ.

ದೊಡ್ಡಕ್ಕನ ತಂಗಿಯೂ ಅದೇ ರಸ್ತೆ ಗುಡಿಸುತ್ತಾಳೆ. ನಾಲ್ಕು ತಿಂಗಳಿಂದ ಅವಳಿಗೆ ಉಸಿರು ಸಾಲುತ್ತಿಲ್ಲ. ಕೆಮ್ಮಿದರೆ ಕರಿ ಕಫ. ಧೂಳಿನಿಂದ ದೂರ ಇರದಿದ್ದರೆ ಬದುಕುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಅವಳಾಗಿಯೇ ರಜೆ ಹಾಕಿದರೆ ಮಾರನೆಯ ದಿನ ಅವಳ ಪೊರಕೆ ಇನ್ನೊಬ್ಬಳ ಕೈಯಲ್ಲಿರುತ್ತದೆ. ಉಳಿದ ದಾರಿ ಆ ಬೋರ್ಡೊಂದೇ.

ಕಚೇರಿಯ ಸಾಹೇಬರು ಕಾರಿನಿಂದ ಇಳಿದರು. ತಂಗಿ ಎದುರು ಹೋಗಿ ಕೈಮುಗಿದಳು.

"ಸಾರ್, ನಮ್ ರಸ್ತೆಗೂ ಒಂಚೂರು ನೀರು ಹೊಡೆಸಿ. ಎದೆ ಹಿಡ್ಕೊಳ್ತದೆ."

ಸಾಹೇಬರು ಮುಖಕ್ಕೆ ಕಟ್ಟಿದ್ದ ಮಾಸ್ಕನ್ನು ಗದ್ದಕ್ಕೆ ಇಳಿಸಿದರು. "ನೀರೇನು ನಿಮ್ಮಪ್ಪನ ಮನೇದಾ? ದಿನಾ ಧೂಳು ತಿನ್ನೋ ಜಾತಿ, ಇವತ್ತೇನು ಹೊಸದಾಗಿ ನಾಟಕ? ದೂರ ನಿಂತ್ಕೊಂಡು ಕೆಮ್ಮು." ಹೇಳಿ ಕಚೇರಿಯೊಳಗೆ ಹೋದರು.

ಮೇಸ್ತ್ರಿ ಹಲ್ಕಿರಿದ. ತಂಗಿ ಫುಟ್‌ಪಾತಿನ ಅಂಚಿನಲ್ಲಿ ಕುಸಿದು ಕೂತಳು. ಅವಳ ತುಟಿ ನೀಲಿಯಾಗಿತ್ತು. ಬೋರ್ಡಿನಲ್ಲಿ ಇನ್ನೂರ ಎಂಬತ್ತೊಂದು.

ದೊಡ್ಡಕ್ಕನಿಗೆ ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ಬರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಬೆಳಗಿನಿಂದ ಗುಡಿಸಿದ ಮಣ್ಣು ತುಂಬಿದ್ದ ತಳ್ಳುಗಾಡಿಯನ್ನು ನೂಕಿಕೊಂಡು ಬಂದು ಯಂತ್ರದ ಕೆಳಗೆ ಸುರಿದಳು. ಧೂಳೇಳದಂತೆ ಗುಡಿಸುವುದು ಅವಳ ಕೈಗೆ ಹತ್ತಿದ ವಿದ್ಯೆ. ಪೊರಕೆ ನೆಲ ಬಿಡಬಾರದು, ಎಳೆತ ಗಿಡ್ಡಕ್ಕಿರಬೇಕು. ಇವತ್ತು ಪೊರಕೆಯನ್ನು ತಲೆಯೆತ್ತರ ಎತ್ತಿ ಎತ್ತಿ ಬಡಿದಳು.

"ಲೇ, ಹುಚ್ಚು ಹಿಡೀತೇನೇ, ಬೋಳಿಮಗಳೇ!" ಮೇಸ್ತ್ರಿ ಓಡಿಬಂದ. ಅಷ್ಟರಲ್ಲಿ ಜೊತೆಯಲ್ಲಿ ಗುಡಿಸುವ ಹೆಂಗಸರೂ ತಮ್ಮ ಗಾಡಿಗಳನ್ನು ತಂದು ಸುರಿದರು. ಯಾರೂ ಅವರನ್ನು ಕರೆದಿರಲಿಲ್ಲ. ಇನ್ನೂರ ತೊಂಬತ್ತಾರು. ಮುನ್ನೂರ ಏಳು.

"ದಾಟ್ತು ಕಣೇ!" ದೊಡ್ಡಕ್ಕ ತಂಗಿಗೆ ಕೂಗಿದಳು. "ಏಳು, ಮನೆಗೆ ಹೋಗಣ."

ಸಾಹೇಬರು ಹೊರಗೆ ಬಂದು ಗೋಡೆಯ ಸ್ವಿಚ್ಚು ಒತ್ತಿದರು. ಬೋರ್ಡು ಕಪ್ಪಾಯಿತು.

"ಮಿಷನ್ ಕೆಟ್ಟಿದೆ. ನಡೀರಿ, ಕೆಲಸ ನೋಡಿ." ತಮ್ಮ ಕೋಣೆಯೊಳಗೆ ಹೋಗಿ ಬಾಗಿಲು ಎಳೆದುಕೊಂಡರು.

ತಂಗಿಯ ಗಾಡಿ ಮಾತ್ರ ಇನ್ನೂ ತುಂಬಿತ್ತು. ದೊಡ್ಡಕ್ಕ ಅದನ್ನು ನೂಕಿಕೊಂಡು ಹೋಗಿ, ಕಾಲಿನಿಂದ ಬಾಗಿಲು ಒದ್ದು, ತಂಪಾದ ಆ ಕೋಣೆಯ ನಡುವೆ ಬೋರಲು ಹಾಕಿದಳು. ನಾಲ್ಕು ಸಲ ಪೊರಕೆ ಎತ್ತಿ ಬಡಿದಳು. ಹೊರಗೆ ಬಂದು ಚಿಲಕ ಜಡಿದಳು. ಮೇಸ್ತ್ರಿಯ ದಾರಿಗೆ ಏಳು ಪೊರಕೆಗಳು ಅಡ್ಡ ನಿಂತವು.

ಒಳಗಿನಿಂದ ಬಾಗಿಲು ಬಡಿಯುವ ಸದ್ದು. ಆಮೇಲೆ ಕೆಮ್ಮು. ತಂಗಿ ಗೋಡೆ ಹಿಡಿದುಕೊಂಡು ಮೆಲ್ಲಗೆ ನಡೆದು ಬಂದಳು.

"ತೆಗ್ಯೇ ಅಕ್ಕಾ. ಸತ್ತುಗಿತ್ತು ಹೋದಾನು."

"ಕೂತ್ಕೋ. ಮೊದ್ಲು ನೀನು ಉಸಿರು ತಗೋ."

ತಂಗಿ ಕೂತು ಬಾಯಿ ತೆರೆದಳು. ಒಳಗೂ ಕೆಮ್ಮು, ಹೊರಗೂ ಕೆಮ್ಮು. ದೊಡ್ಡಕ್ಕ ಚಿಲಕದ ಮೇಲಿನ ಕೈ ತೆಗೆಯಲಿಲ್ಲ.