ಸರದಿಯಲ್ಲಿದ್ದ ಆನೆ

ಫೋನು ತೆಗೆಯಬಾರದು ಎಂದುಕೊಳ್ಳುತ್ತಲೇ ರುದ್ರಸ್ವಾಮಿ ಮತ್ತೆ ತೆಗೆದ. ಎದುರಿಗೆ ಚಾಪೆಯ ಮೇಲೆ ಸೋದರಮಾವ ದೊಡ್ಡಮಾದಪ್ಪನನ್ನು ಮಲಗಿಸಿದ್ದರು. ಬೆಳಗಿನ ಜಾವ ಜೋಳದ ಹೊಲಕ್ಕೆ ನೀರು ತಿರುಗಿಸಲು ಹೋದವನನ್ನು ಆನೆ ತುಳಿದಿತ್ತು. ಹೆಣವನ್ನು ಆಸ್ಪತ್ರೆಯಿಂದ ಈಗಷ್ಟೇ ತಂದಿದ್ದರು.

"ಯಾಕ್ಲಾ ರುದ್ರ, ಆನೆ ಬಂದ್ರೂ ನಿಮ್ಮಾವನ್ ಫೋನು ಕೂಗ್ನೇ ಇಲ್ವಲ್ಲ?" ಅತ್ತೆ ಶಿವರತ್ನಮ್ಮ ಕೇಳಿದಳು.

"ನೆಟ್‌ವರ್ಕ್ ಇರ್ನಿಲ್ವೇನೋ ಅತ್ತೆ."

"ಇತ್ತು ಕಣ್ಲಾ. ರಾತ್ರ ಮಗಳ್ ಜೊತೆ ಮಾತಾಡ್ಬುಟ್ಟೇ ಮನಗುದ್ರು."

ಅವನು ಚಪ್ಪರದ ಕಂಬ ನೋಡಿದ.

ಕಾಡಂಚಿನ ಕ್ಯಾಮೆರಾಗಳ ಚಿತ್ರಗಳು ಕೊಳ್ಳೇಗಾಲದ ಅವನ ಕಚೇರಿಗೆ ಬರುತ್ತವೆ. ಅಲ್ಲಿ ಕಂಪ್ಯೂಟರುಗಳ ಒಂದು ಗುಂಪು ಒಟ್ಟಾಗಿ ದುಡಿಯುತ್ತದೆ. ಯಾವ ಕೆಲಸ ಯಾವ ಕಂಪ್ಯೂಟರಿಗೆ, ಯಾವುದು ಮೊದಲು ಎಂದು ಹಂಚುವುದು ಶೆಡ್ಯೂಲರ್ ಎಂಬ ಪ್ರೋಗ್ರಾಮು. ಚಿತ್ರದಲ್ಲಿ ಆನೆ ಕಂಡರೆ ಇಲ್ಲಿ ರಾಮಾಪುರದ ಫೋನುಗಳೆಲ್ಲ ಕೂಗುತ್ತವೆ. ಕೂಗದಿದ್ದರೆ ಆನೆ ಇಲ್ಲ. ಹಾಗೆಂದು ನಂಬಿ ಊರು ಅಟ್ಟಣೆಯ ಕಾವಲು ಬಿಟ್ಟಿತ್ತು. ನಂಬಿಸಿದವನು ಇವನೇ.

ನಿನ್ನೆ ಸಂಜೆ, ಸಾಹೇಬರಿಗೆ ತೋರಿಸಲೆಂದು, ಹೊಸದೊಂದು ದೊಡ್ಡ ಲೆಕ್ಕವನ್ನು ಎಲ್ಲ ಕಂಪ್ಯೂಟರುಗಳಿಗೂ ಹಚ್ಚಿದ್ದ. ಅದಕ್ಕೇ ಮೊದಲ ಆದ್ಯತೆ ಕೊಟ್ಟು ಮನೆಗೆ ಹೋಗಿದ್ದ. ಶೆಡ್ಯೂಲರ್ ಒಳ್ಳೆಯ ಗುಮಾಸ್ತನಂತೆ ಹೇಳಿದ್ದನ್ನು ಮಾಡಿತ್ತು. ಆನೆಯ ಚಿತ್ರಗಳನ್ನು ಸರದಿಯಲ್ಲಿ ನಿಲ್ಲಿಸಿತ್ತು.

ಫೋನಿನಲ್ಲಿ ನೋಡಿದರೆ ಅವು ಇನ್ನೂ ಸರದಿಯಲ್ಲೇ ನಿಂತಿದ್ದವು. ಈಗಲೂ ಅಳಿಸಬಹುದಿತ್ತು. ಆದರೆ ಅಳಿಸಿದವನ ಹೆಸರು ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಬೆರಳನ್ನು ಪರದೆಯತ್ತ ಒಯ್ದು ಹಿಂತೆಗೆಯುತ್ತಿರುವಾಗಲೇ ದೊಡ್ಡ ಲೆಕ್ಕ ಮುಗಿಯಿತು.

ಕಂಪ್ಯೂಟರುಗಳು ಬಿಡುವಾದವು. ಕಾದಿದ್ದ ಕೆಲಸಗಳು ಹೊರಟವು.

ಮೊದಲು ಯಾರದೋ ಜೇಬಿನಲ್ಲಿ, ಆಮೇಲೆ ಇಡೀ ಚಪ್ಪರದಲ್ಲಿ ಫೋನುಗಳು ಕೂಗಿದವು. "ಆನೆ ಬಂದಿದೆ. ಹೊಲದ ಕಡೆ ಹೋಗಬೇಡಿ." ರೆಕಾರ್ಡು ಮಾಡಿದ ರುದ್ರಸ್ವಾಮಿಯದೇ ದನಿ.

"ಆನೆ ಕಣ್ರಪ್ಪೋ! ಏಳ್ರೋ!"

ಕುರ್ಚಿಗಳು ಉರುಳಿದವು. ಜನ ದಿಕ್ಕಾಪಾಲಾದರು. ಅದು ಬೆಳಗಿನ ಆನೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ಫೋನನ್ನು ಜೇಬಿಗೆ ತುರುಕಿದ.

ಶಿವರತ್ನಮ್ಮ ಕದಲಲಿಲ್ಲ. ಅವನು ಅವಳ ರಟ್ಟೆ ಹಿಡಿದೆಳೆದ. "ಏಳಿ ಅತ್ತೆ, ಆನೆ!" ಎಂದದ್ದು ತಾನೇ ಎಂದು ತಿಳಿದು ಬೆಚ್ಚಿದ.

"ನೀ ಓಗ್ಲಾ. ಇವ್ರೊಬ್ರೇ ಆಗ್ಬುಡ್ತಾರೆ."

ಅವನು ಓಡಿದ. ಬಾರದ ಆನೆಗೆ ಹೆದರಿದವರ ನಡುವೆ ನುಗ್ಗಿ ಎಲ್ಲರಿಗಿಂತ ಮುಂದಾದ. ತಿರುವಿನಲ್ಲಿ ಹಿಂದಿರುಗಿ ನೋಡಿದ. ಖಾಲಿ ಚಪ್ಪರದಲ್ಲಿ ಶಿವರತ್ನಮ್ಮ ಒಂದು ಕೋಲು ಹಿಡಿದು, ಕಾಡಿಗೆ ಮುಖ ಮಾಡಿ, ಹೆಣಕ್ಕೆ ಅಡ್ಡ ನಿಂತಿದ್ದಳು.