ಇಸಿಲ್ಡಾಳ ಜಾಗ

ಆ ಬೆಳಿಗ್ಗೆ ಬೆಟ್ಟದ ಮೇಲಿನ ಮಂಜು ಇನ್ನೂ ಚದುರಿರಲಿಲ್ಲ. ಮಳೆ ನಿಂತಿದ್ದರೂ ಮರಗಳಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಕಾಫಿ ಗಿಡಗಳ ನಡುವಿನ ಕೆಂಪು ದಾರಿ ಸಾಬೂನಿನಂತೆ ಜಾರುತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು, ಬಾಯಲ್ಲಿ ಪ್ರಾರ್ಥನೆ ಹೇಳಿಕೊಳ್ಳುತ್ತ, ತಾಯಿಯ ತವರಿನ ತೋಟಕ್ಕೆ ನಾನು ಏರಿದೆ.

ಅಮ್ಮ ಕೆಳಗೆ ಕಿಂಗ್‌ಸ್ಟನ್ ಪೇಟೆಯ ಶವಾಗಾರದಲ್ಲಿ ತಣ್ಣಗೆ ಮಲಗಿದ್ದಳು. ಕೊನೆಯಲ್ಲಿ ಅವಳು ಕೇಳಿದ್ದು ಒಂದೇ: "ನನ್ನನ್ನ ಬೆಟ್ಟಕ್ಕೆ ಕರ್ಕೊಂಡ್ಹೋಗಿ ಅವ್ವನ ಪಕ್ಕ ಮಲಗ್ಸು, ನೊವ್ಲೆಟ್." ತೋಟ ಅವಳ ಅಣ್ಣ ವರ್ನಲ್ ಮಾವನ ಕೈಯಲ್ಲಿತ್ತು. ಅವರು ಹೂಂ ಅನ್ನದೆ ಅಲ್ಲಿ ಯಾರೂ ಗುದ್ದಲಿ ಊರುವಂತಿರಲಿಲ್ಲ.

ಗುಲಾಮಗಿರಿ ಕಳಚಿಕೊಂಡ ಹಿರಿಯರು ಮಾಡಿದ ತೋಟ ಅದು. ಇಂಥ ನೆಲವನ್ನು ನಾವು ಪಾಲು ಮಾಡುವುದಿಲ್ಲ. ಮಗು ಹುಟ್ಟಿದಾಗ ಹೊಕ್ಕುಳಬಳ್ಳಿಯನ್ನು ಹೂತು ಮೇಲೊಂದು ಸಸಿ ನೆಡುತ್ತೇವೆ. ಆ ಮರ ಇರುವತನಕ ಆ ಮಗುವಿಗೆ ನೆಲದ ಮೇಲೂ ಹಕ್ಕು, ನೆಲದ ಕೆಳಗೂ ಹಕ್ಕು.

ಮಾವ ಕಾಫಿ ಒಣಗಿಸುವ ಕಲ್ಲಿನ ಕಣದ ಅಂಚಿನಲ್ಲಿ, ಸೊಂಟಕ್ಕೆ ಮಚ್ಚು ಸಿಕ್ಕಿಸಿಕೊಂಡು ಕೂತಿದ್ದರು. ತಲೆ ಎತ್ತದೆಯೇ ಅಂದರು:

"ತೋಟ ನೋಡೋ ಟೂರಿಸ್ಟ್‌ಗಳು ಶನಿವಾರ ಬರ್ಬೇಕು. ಗೇಟಲ್ಲಿ ಬೋರ್ಡ್ ಹಾಕಿದೀನಿ."

"ನಾನು ಇಸಿಲ್ಡಾ ಮಗಳು, ಮಾವ."

"ಅದು ಗೊತ್ತಾಗಲ್ವಾ? ಅದೇ ಹಟಮಾರಿ ಗದ್ದ. ಬರಿಗಾಲಲ್ಲಿ ಬಂದಿದೀಯಲ್ಲ, ಪೇಟೇಲಿ ಚಪ್ಪಲಿ ಸಿಗಲ್ವಾ?"

"ಸಿಗುತ್ತೆ. ನಿಮ್ಮ ದಾರಿ ಕಿತ್ಕೊಳ್ಳುತ್ತೆ."

ನಗು ಬಂತೇನೋ, ನುಂಗಿಕೊಂಡರು. ಒಳಗೆ ಹೋಗಿ ಬಿಸಿ ಕಾಫಿ ತಂದುಕೊಟ್ಟರು. ಸಾವಿನ ಸುದ್ದಿ ಅವರಿಗೆ ಮುಟ್ಟಿತ್ತು. ನಾನು ಅಮ್ಮನ ಆಸೆಯನ್ನು ಹೇಳಿದೆ.

"ಆಗಲ್ಲ," ಅಂದರು. "ದೊಡ್ಡ ಗಾಳಿ ಬಂದ ವರ್ಷ ಅವಳು ಹುಟ್ಟಿದಾಗ ನೆಟ್ಟ ದೀವಿಹಲಸು ಬಿದ್ದೋಯ್ತು. ನೆಲಾನೇ ಅವಳನ್ನ ಬಿಟ್ಕೊಡ್ತು. ಸೇರಿಸ್ಕೊಳ್ಳೋಕೆ ನಾನ್ಯಾರು?"

"ಮರ ಬಿದ್ರೆ ಮಗಳು ಮಗಳಲ್ವಾ?"

"ಮಗಳು!" ಮಾವನ ದನಿ ಒಡೆಯಿತು. "ಅವ್ವ ಉಸಿರಿರೋವರ್ಗೂ ಬಾಗಿಲ ಕಡೆನೇ ನೋಡ್ತಿದ್ಲು. ಇಸಿಲ್ಡಾ ಬಂದ್ಲಾ, ಇಸಿಲ್ಡಾ ಬಂದ್ಲಾ. ಪಕ್ಕದಲ್ಲೇ ಕೂತು ಬಾಯಿಗೆ ನೀರು ಬಿಡ್ತಿದ್ದೋನು ನಾನು. ನನ್ನ ಹೆಸರು ಅವಳ ಬಾಯಲ್ಲಿ ಬರ್ಲೇ ಇಲ್ಲ."

ಆಗ ಯಾಕೆ ಹೋಗಲಿಲ್ಲವೆಂದು ಕೇಳಿದಾಗಲೆಲ್ಲ ಅಮ್ಮ, ದಾರಿ ಕೊಚ್ಚಿಹೋಗಿತ್ತು ಎಂದು ಗೋಡೆಯ ಕಡೆ ತಿರುಗುತ್ತಿದ್ದಳು.

"ಅಜ್ಜಿ ಹತ್ರ ಒಂದು ಪ್ರಾರ್ಥನೆ ಹೇಳಿ ಹೊರಡ್ತೀನಿ," ಎಂದೆ.

"ಹೇಳು. ಅದಕ್ಕೆ ಯಾರು ಬೇಡ ಅಂದ್ರು?" ಎನ್ನುತ್ತ ಮಾವನೂ ಹಿಂದೆ ಬಂದರು.

ಮನೆಯ ಹಿಂದೆ ಸುಣ್ಣ ಬಳಿದ ಸಮಾಧಿಗಳ ಸಾಲು. ಅಜ್ಜಿಯ ಮಗ್ಗುಲಲ್ಲಿ ಒಬ್ಬರು ಮಲಗುವಷ್ಟು ಜಾಗ ಬಿಟ್ಟಿದ್ದರು. ಅದರ ತುಂಬ ಈಗ ಒತ್ತೊತ್ತಾಗಿ ಕಾಫಿ ಸಸಿಗಳು. ಅದರಾಚೆ, ಬಿದ್ದ ದೀವಿಹಲಸಿನ ಮೊಂಡು ಬುಡ.

ಬುಡದ ಸುತ್ತ ಬೇರಿನಿಂದ ಎದ್ದ ಕಂದುಗಳನ್ನು ನೋಡಿ ನಿಂತುಬಿಟ್ಟೆ. ಒಂದೂ ಮೊಣಕಾಲ ಮೇಲೆ ಬೆಳೆದಿರಲಿಲ್ಲ, ಎಲ್ಲವನ್ನೂ ಕಡಿದಿದ್ದರು. ಹಳೆಯ ಗಾಯದ ಪಕ್ಕದಲ್ಲಿ ಚಿಗುರು, ಚಿಗುರಿನ ತುದಿಗೆ ಮತ್ತೆ ಗಾಯ. ಒಂದರಿಂದ ಬಿಳಿ ಹಾಲು ಇನ್ನೂ ಒಸರುತ್ತಿತ್ತು.

"ಮಾವ, ನೆಲ ಎಲ್ಲಿ ಬಿಟ್ಕೊಟ್ಟಿದೆ? ಪ್ರತಿ ವರ್ಷ ಕರೀತಾನೇ ಇದೆ. ಬಿಡದೆ ಇರೋದು ನಿಮ್ಮ ಮಚ್ಚು."

ಅವರು ಟೋಪಿಯ ಅಂಚನ್ನು ಕಣ್ಣಿನ ಮೇಲಕ್ಕೆ ಎಳೆದುಕೊಂಡರು.

"ಇದು ಇವತ್ತು ಕಡಿದಿದ್ದು."

ಕಣ್ಣು ಮುಚ್ಚಿ 'ಕರ್ತನೇ' ಎಂದೆ. ಮುಂದಿನ ಮಾತು ಬರಲಿಲ್ಲ. ಪ್ರಾರ್ಥನೆಗೆಂದು ತೆರೆದ ಎದೆಯಲ್ಲಿ ಸಿಟ್ಟೇ ತುಂಬಿತ್ತು. ಆ ಸಿಟ್ಟನ್ನೇ ದೇವರ ಮುಂದೆ ಇಟ್ಟೆ, ಇಡಲು ಬೇರೇನೂ ಇರಲಿಲ್ಲ.

ನಾನು ಕಣ್ಣು ತೆರೆದಾಗ ಮಾವ ಅಂದರು: "ನಿನ್ನೆ ಸುದ್ದಿ ಬಂತು. ಬೆಳಿಗ್ಗೆ ಎದ್ದೋನೇ ಬಂದು ಕಡಿದೆ. ಯಾಕೋ ನಂಗೂ ಗೊತ್ತಿಲ್ಲ ಕಣಮ್ಮ. ಇಷ್ಟು ವರ್ಷ ಕಡೀತಿದ್ದಾಗ ಒಂದು ಆಸೆ ಇತ್ತು. ಯಾರಾದ್ರೂ ಹೋಗಿ ಅವಳಿಗೆ ಹೇಳ್ತಾರೆ, ಬೈಯೋಕಾದ್ರೂ ಓಡಿ ಬರ್ತಾಳೆ ಅಂತ."

"ಅಮ್ಮಂಗೆ ಗೊತ್ತೇ ಇರ್ಲಿಲ್ಲ, ಮಾವ."

ಅವರು ಟೋಪಿ ತೆಗೆದು ಅಜ್ಜಿಯ ಸಮಾಧಿಯ ಮೇಲಿಟ್ಟರು. ಮಚ್ಚನ್ನು ಮುಟ್ಟಲಿಲ್ಲ. ಒದ್ದೆ ನೆಲದಲ್ಲಿ ಮಂಡಿಯೂರಿ ಕಾಫಿ ಸಸಿಗಳನ್ನು ಕೈಯಿಂದಲೇ ಕೀಳತೊಡಗಿದರು. ನಾನೂ ಬಾಗಿದೆ. ಬೇಡವೆಂದು ಕೈಯಲ್ಲೇ ತಡೆದರು.

"ಕೊನೇಲಿ ಇಸಿಲ್ಡಾ ಎಷ್ಟು ಉದ್ದ ಇದ್ಲು?"

"ನನ್ನಷ್ಟೇ."

ಮಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕಾಲ ಕಡೆಯ ಇನ್ನೊಂದು ಸಾಲನ್ನೂ ಕಿತ್ತರು. ಸಸಿಗಳನ್ನು ಪಕ್ಕಕ್ಕೆ ಎಸೆಯುವ ಮುಂಚೆ ಒಂದೊಂದರ ಬೇರಿಗೂ ಅಂಟಿದ್ದ ಮಣ್ಣನ್ನು ಉಗುರಿನಿಂದ ಬಿಡಿಸಿ ಬಿಡಿಸಿ ಆ ಜಾಗಕ್ಕೇ ಹಾಕಿದರು. ಕೊನೆಯದನ್ನೂ ಕೊಡವಿ, ಅಂಗೈಯಿಂದ ಮಣ್ಣು ಸವರಿ, ಎದ್ದು ಪಕ್ಕಕ್ಕೆ ಸರಿದು ನಿಂತರು.